ಕಣ್ಣು ಬಿಟ್ಟ ಮೇಲಿನ ಧ್ಯಾನ

ಬೆಳಿಗ್ಗೆ ಹೊಲಿಗೆ ಅಂಗಡಿಯ ಬಾಗಿಲು ತೆರೆದರೂ ಯಂತ್ರ ತುಳಿಯುವಂತಿರಲಿಲ್ಲ. ಫ್ಯಾನು ಕಿರುಗುಟ್ಟುತ್ತದೆಂದು ಅದನ್ನೂ ಆರಿಸಬೇಕು. ಇಸ್ತ್ರಿಪೆಟ್ಟಿಗೆ ಇಡುವಾಗ ಟಕ್ ಎನ್ನಬಾರದು. ಏಕೆಂದರೆ ಕಟಿಂಗ್ ಮಾಸ್ಟರ್ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಚಕ್ಕಳಮಕ್ಕಳ ಹಾಕಿ ಧ್ಯಾನಕ್ಕೆ ಕೂತಿರುತ್ತಿದ್ದರು.

ಅವರ ಹೆಂಡತಿಯನ್ನು ಎಲ್ಲರೂ ಗುಂಡಿಯಕ್ಕ ಎನ್ನುತ್ತಿದ್ದರು. ಗುಂಡಿ ತೂರುವ ಕಾಜಾ ಹೊಲಿದು ಗುಂಡಿ ಹಚ್ಚುವುದು ಅವಳ ಕೆಲಸ. ಗಂಡ ಏಳುವವರೆಗೆ ಅವಳು ಮೂಲೆಯಲ್ಲಿ ಹಲ್ಲು ಕಡಿಯುತ್ತಾ ಕೂತಿರಬೇಕು. ಅಷ್ಟು ಮಾಡಿ ಎದ್ದ ಮಹಾನುಭಾವ ಮಾಡುತ್ತಿದ್ದುದೇನು? ಸೀಮೆಸುಣ್ಣ ಸಿಗಲಿಲ್ಲವೆಂದು ಅಳತೆಪಟ್ಟಿ ಎಸೆಯುವುದು, ಚಹಾ ಆರಿದೆಯೆಂದು ಹೆಂಡತಿಯ ವಂಶವನ್ನೇ ಜಾಲಾಡುವುದು. ಕಣ್ಣು ಮುಚ್ಚಿದರೆ ಸಂತ, ಬಿಟ್ಟರೆ ದುರ್ವಾಸ. ವರ್ಷಗಳು ಹೀಗೇ ಕಳೆದವು.

ಒಮ್ಮೆ ಮಗಳು ಎಳೆಗೂಸನ್ನು ಎತ್ತಿಕೊಂಡು ಬಂದಳು. ಧ್ಯಾನದ ಹೊತ್ತಿಗೇ ಮಗು ಅತ್ತಿತು. ಮಾಸ್ಟರ್ ಕಣ್ಣು ತೆರೆದು, "ಆ ಪೀಡೇನ ಆಚೆ ತಗೊಂಡು ಹೋಗು," ಅಂದರು. ಮಗಳು ಮಗುವನ್ನು ಎತ್ತಿಕೊಂಡು ತನ್ನ ಮನೆಗೇ ಹೋಗಿಬಿಟ್ಟಳು.

"ಅಮ್ಮಾ, ಅಪ್ಪನ ಬಾಯಿಗೆ ನಾನು ಸಿಕ್ಕಿದ್ದು ಸಾಕು, ನನ್ನ ಮಗು ಸಿಗೋದು ಬೇಡ. ಇನ್ನು ನಾನು ಬರಲ್ಲ," ಎಂದು ಫೋನಿನಲ್ಲಿ ಹೇಳಿದಳು.

ಗುಂಡಿಯಕ್ಕನ ತಾಳ್ಮೆಯ ಕಟ್ಟೆ ಒಡೆಯಿತು. ವರ್ಷಗಳ ಹಿಂದೆ ಮಾಸ್ಟರಿಗೆ ರಕ್ತದೊತ್ತಡ ಹೆಚ್ಚಿದಾಗ, ಮಾತ್ರೆಯ ಜೊತೆಗೆ ಧ್ಯಾನವನ್ನೂ ಹೇಳಿಕೊಟ್ಟಿದ್ದು ಆರೋಗ್ಯ ಕೇಂದ್ರದ ನರ್ಸಮ್ಮ. ಗುಂಡಿಯಕ್ಕ ಗಂಡನನ್ನು ಎಳೆದುಕೊಂಡು ಸೀದಾ ಅಲ್ಲಿಗೆ ಹೋದಳು.

"ನರ್ಸಮ್ಮಾ, ನೀವು ಕೊಟ್ಟ ವಿದ್ಯೇನ ನೀವೇ ವಾಪಸ್ ತಗೊಳ್ಳಿ. ಇದರಿಂದ ನನಗೆ ಮಗಳೂ ಇಲ್ಲ, ಮೊಮ್ಮಗೂನೂ ಇಲ್ಲ."

ನರ್ಸಮ್ಮ ಎಲ್ಲ ಕೇಳಿ ಮಾಸ್ಟರ ಕಡೆ ತಿರುಗಿದರು. "ಕೂತಾಗ ಸದ್ದಾದ್ರೆ ಏನು ಮಾಡ್ತೀರಿ?"

"ನಿಲ್ಲಿಸ್ತೀನಿ."

"ಏನನ್ನ?"

"ಸದ್ದನ್ನ."

ನರ್ಸಮ್ಮನಿಗೂ ರೇಗಿತು. "ಅಲ್ಲ ಮಾಸ್ಟ್ರೇ, ನಾನು ಉಸಿರು ಗಮನಿಸಿ ಅಂದೆ, ಊರಿನ ಬಾಯಿ ಮುಚ್ಚಿಸಿ ಅನ್ನಲಿಲ್ಲ. ಸದ್ದಾಗುತ್ತೆ, ಮನಸ್ಸು ಅಲ್ಲಿಗೆ ಓಡುತ್ತೆ, ಸಿಟ್ಟು ಬರುತ್ತೆ. ಬಂತು ಅಂತ ನೋಡಿ, ಮತ್ತೆ ಉಸಿರಿಗೆ ಬನ್ನಿ. ಹಾಗೆ ವಾಪಸ್ ಬರೋದೇ ಅಭ್ಯಾಸ. ನೀವು ಒಂದು ದಿನಾನೂ ಅದನ್ನ ಮಾಡಿಲ್ಲ. ಇಷ್ಟು ವರ್ಷ ಸೂಜಿಗೆ ದಾರ ಪೋಣಿಸದೆ ಯಂತ್ರ ತುಳಿದಿದ್ದೀರಿ."



"ಹಾಗೆ ಕೂತ್ರೆ ಇವರ ಸಿಟ್ಟು ಹೋಗುತ್ತಾ?" ಗುಂಡಿಯಕ್ಕ ಕೇಳಿದಳು.

"ಹೋಗಲ್ಲ ಅಕ್ಕ. ಸಿಟ್ಟು ಬರೋದಕ್ಕೂ ಬಾಯಿ ತೆರೆಯೋದಕ್ಕೂ ನಡುವೆ ಸ್ವಲ್ಪ ಜಾಗ ಆಗುತ್ತೆ, ಅಷ್ಟೇ. ಅದೂ ದಿನಾ ಕೂತ್ರೆ, ನಿಧಾನಕ್ಕೆ."

"ಅಲ್ಲೀತನಕ ನಾನು ಬದುಕಿರಬೇಕಲ್ಲ," ಎಂದು ಗುಂಡಿಯಕ್ಕ ಗೊಣಗಿದಳು.

ಮರುದಿನದಿಂದ ಧ್ಯಾನದ ಹೊತ್ತಿಗೂ ಹೊಲಿಗೆ ಯಂತ್ರ ನಿಲ್ಲಲಿಲ್ಲ. ಗುಂಡಿಯಕ್ಕ ಬೇಕೆಂದೇ ಗುಂಡಿಗಳನ್ನು ತಟ್ಟೆಗೆ ಸುರಿಯುತ್ತಿದ್ದಳು. ಮಾಸ್ಟರ ಮುಖ ಕೆಂಪಾಗುತ್ತಿತ್ತು. ಕೆಲವು ದಿನ ಬಾಯಿ ತೆರೆದು ಅರ್ಧಕ್ಕೇ ಮುಚ್ಚುತ್ತಿದ್ದರು, ಕೆಲವು ದಿನ ಬೈದೇ ಬಿಡುತ್ತಿದ್ದರು. ಬೈದ ದಿನವೂ ಮತ್ತೆ ಕೂರುತ್ತಿದ್ದರು. ಅಷ್ಟರಲ್ಲಿ ಮೊಮ್ಮಗು ನಡೆಯಲು ಕಲಿಯಿತು, ಮಾತು ಕಲಿಯಿತು. ಗುಂಡಿಯಕ್ಕನಿಗೆ ಅದೆಲ್ಲ ಫೋನಿನಲ್ಲಿ ಕೇಳುವ ಸುದ್ದಿಯಾಯಿತು.

ಒಂದು ಮಧ್ಯಾಹ್ನ ಅವಳು ಗಿರಾಕಿಯ ಕೋಟಿಗೆ ತಪ್ಪು ಪಕ್ಕದಲ್ಲಿ ಕಾಜಾ ಕತ್ತರಿಸಿಬಿಟ್ಟಳು. ಕಾಜಾ ಕತ್ತರಿಸಿದ ಮೇಲೆ ಮುಗಿಯಿತು, ಅದನ್ನು ಮುಚ್ಚಲಾಗದು. ಮಾಸ್ಟರ್ ನೋಡಿದರು. ಅವಳು ಮೈ ಬಿಗಿಹಿಡಿದು ನಿಂತಳು.

ಮಾಸ್ಟರ್ ಕತ್ತರಿ ಕೆಳಗಿಟ್ಟರು. "ನನಗೆ ಸಿಟ್ಟು ಬಂದಿದೆ. ಸ್ವಲ್ಪ ತಾಳು," ಅಂದರು. ಆಮೇಲೆ, "ಬಟ್ಟೆ ಮಿಕ್ಕಿದೆ. ಆ ಭಾಗ ಬಿಚ್ಚಿ ಬೇರೆ ಹಾಕೋಣ," ಅಂದರು.

ಗುಂಡಿಯಕ್ಕನಿಗೆ ಸಮಾಧಾನವಾಗಲಿಲ್ಲ. ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು.

"ಓಹೋ, ಇದು ನಿಮ್ಮ ಕೈಲಾಗ್ತಿತ್ತಾ? ಹಾಗಾದ್ರೆ ಇಷ್ಟು ವರ್ಷ ನಾನ್ಯಾಕೆ ಬೈಸಿಕೊಂಡೆ? ಉಸಿರು ಎಳ್ಕೊಂಡು ನೀವು ಹಗುರ ಆದ್ರಿ. ನನ್ನೊಳಗೆ ತುಂಬಿಟ್ಟಿದ್ದೀರಲ್ಲ, ಅದನ್ನ ಯಾರ ಮೇಲೆ ಸುರೀಲಿ?"

ಶುರುವಾದ ಮಾತು ನಿಲ್ಲಲಿಲ್ಲ. ಗಿರಾಕಿಗಳ ಮುಂದೆ ದಡ್ಡಿ ಅನ್ನಿಸಿಕೊಂಡಿದ್ದು, ಜ್ವರದಲ್ಲೂ ಗುಂಡಿ ಹಚ್ಚಿದ್ದು, ಮೊಮ್ಮಗುವಿನ ಮೊದಲ ಹೆಜ್ಜೆ ನೋಡುವುದು ತಪ್ಪಿಹೋಗಿದ್ದು, ಎಲ್ಲ ಬಂತು. ಮಾಸ್ಟರ್ ಎದ್ದು ಹೋಗಲಿಲ್ಲ. ಕಣ್ಣು ಮುಚ್ಚಲಿಲ್ಲ. "ಆದ್ರೆ" ಅನ್ನಲಿಲ್ಲ. ಅವಳ ಗಂಟಲು ಒಣಗಿದಾಗ ನೀರು ಕೊಟ್ಟು ಕೇಳಿದರು.

"ಇನ್ನೂ ಇದೆಯಾ?"

"ಇದೆ."

"ಹೇಳು."

ಅವಳು ಹೇಳಿದಳು. ಹೇಳಿ ಅತ್ತಳು. ಅವಳ ಮಾತನ್ನು ಆ ಮನುಷ್ಯ ಪೂರ್ತಿ ಕೇಳಿದ್ದು ಅದೇ ಮೊದಲು.

"ನಂದು ತಪ್ಪು," ಅಂದರು ಮಾಸ್ಟರ್. "ಮಗಳಿಗೂ ಫೋನ್ ಮಾಡ್ತೀನಿ. ಬಾ ಅಂತ ಕರೆಯೋಕಲ್ಲ. ಅವಳಿಗೂ ಬೈಯೋದು ಇರುತ್ತಲ್ಲ."

ಗುಂಡಿಯಕ್ಕ ತಾನೇ ಫೋನ್ ಹಚ್ಚಿಕೊಟ್ಟಳು. ಮಗಳು ಬೈದಳು, ಮಾಸ್ಟರ್ ಕೇಳಿದರು. ಕೊನೆಗೆ ಅವಳ ದನಿ ಒಡೆಯಿತು. "ಅಪ್ಪಾ, ಇನ್ನೂ ಮುಗಿದಿಲ್ಲ. ಮಿಕ್ಕಿದ್ದನ್ನ ಅಲ್ಲಿಗೇ ಬಂದು ಹೇಳ್ತೀನಿ," ಅಂದಳು.

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ದಿನಾ ಧ್ಯಾನಕ್ಕೆ ಕೂರಿ. ಸ್ವಲ್ಪ ಹೊತ್ತಾದರೂ ಸರಿ, ತಪ್ಪದೆ ಕೂರಿ. ಡಾಕ್ಟರು ಕೊಟ್ಟ ಮಾತ್ರೆಯನ್ನು ಧ್ಯಾನದ ನೆಪದಲ್ಲಿ ಬಿಡಬೇಡಿ. ನಿಮ್ಮ ಶಾಂತಿಗಾಗಿ ಮನೆಯವರ ಬಾಯಿ ಹೊಲಿಯಬೇಡಿ. ಮನೆಯಲ್ಲಿ ಯಾರಾದರೂ ಕೈ ಎತ್ತುತ್ತಿದ್ದರೆ, ಅವರು ಧ್ಯಾನ ಮಾಡಿ ಬದಲಾಗಲಿ ಎಂದು ಕಾಯಬೇಡಿ, ಅಂದೇ ಸಹಾಯ ಕೇಳಿ. ಇನ್ನು ನೀವು ಬದಲಾಗಿದ್ದೀರೋ ಇಲ್ಲವೋ ಎಂದು ನಿಮ್ಮನ್ನು ನೀವೇ ಕೇಳಿಕೊಂಡು ಬೀಗಬೇಡಿ. ನಿಮ್ಮಿಂದ ಬೈಸಿಕೊಂಡವರನ್ನು ಕೇಳಿ. ಅವರು ಹೇಳಿ ಮುಗಿಸುವ ತನಕ ಎದ್ದು ಹೋಗಬೇಡಿ.