ಸಿನಿಮಾದ ಕಳ್ಳ, ನೆಲಮಹಡಿಯ ಪೈಪಣ್ಣ

ಅಡುಗೆಮನೆಯ ಸಿಂಕಿನ ಕೆಳಗೆ ಪೈಪು ಸೋರಿದರೆ ನಾವೆಲ್ಲ ಏನು ಮಾಡುತ್ತೇವೆ? ಮೊದಲ ದಿನ ಹಳೇ ಬಟ್ಟೆ ಸುತ್ತುತ್ತೇವೆ. ಎರಡನೇ ದಿನ ಬಕೆಟ್ ಇಡುತ್ತೇವೆ. ಮೂರನೇ ದಿನ ಪ್ಲಂಬರನ್ನು ಕರೆಯುತ್ತೇವೆ. ಮೂರನೇ ಮಹಡಿಯ ದೊಡ್ಡಮ್ಮ ಮಾತ್ರ ಐದನೇ ದಿನವೂ ಸೊಂಟ ಹಿಡಿದುಕೊಂಡು ಬಕೆಟ್ ಖಾಲಿ ಮಾಡುತ್ತಲೇ ಇದ್ದರು.

ಪ್ಲಂಬರ್ ಸಿಗಲಿಲ್ಲ ಅಂತಲ್ಲ. ಅದೇ ಕಟ್ಟಡದ ನೆಲಮಹಡಿಯಲ್ಲೇ ಇದ್ದ. ಹನ್ನೆರಡು ವರ್ಷದಿಂದ ಎಲ್ಲರ ಮನೆಯ ನಲ್ಲಿ ರಿಪೇರಿ ಮಾಡಿ ಮಾಡಿ ಅವನನ್ನು ಪೈಪಣ್ಣ ಅಂತಲೇ ಎಲ್ಲರೂ ಕರೆಯುತ್ತಿದ್ದರು. ಅವನ ಅಜ್ಜ ಕೆಲಸ ಹುಡುಕಿಕೊಂಡು ದೂರದ ದೇಶದಿಂದ ಹಡಗಿನಲ್ಲಿ ಬಂದವನು. ಆ ಅಜ್ಜನ ಕಪ್ಪು ಮೈಬಣ್ಣ, ಒತ್ತಾದ ಗುಂಗುರು ಕೂದಲು ಪೈಪಣ್ಣನಿಗೂ ಬಂದಿತ್ತು, ಅವನ ಎಂಟು ವರ್ಷದ ಮಗಳಿಗೂ ಬಂದಿತ್ತು.

ಎಡವಟ್ಟಾದದ್ದು ಶನಿವಾರ ಟೀವಿಯಲ್ಲಿ ಬಂದ ಸಿನಿಮಾದಿಂದ. ಕಣ್ಣೀರು ತರಿಸುವ ಸಂಸಾರದ ಕಥೆ. ದೊಡ್ಡಮ್ಮ ಸೆರಗು ಪೂರ್ತಿ ಒದ್ದೆ ಮಾಡಿಕೊಂಡರು. ಅದರಲ್ಲೊಬ್ಬ ಕಳ್ಳ. ಕಪ್ಪು ಮೈ, ಗುಂಗುರು ಕೂದಲು. ರಿಪೇರಿಯವನ ಸೋಗಿನಲ್ಲಿ ಬಂದು, ಮನೆಯ ಮುದುಕಿಯ ಬಳೆ ಕಿತ್ತುಕೊಂಡು ಹೋಗುತ್ತಾನೆ. ದೊಡ್ಡಮ್ಮ ಕೂತಲ್ಲೇ ತಮ್ಮ ಬಳೆ ಮುಟ್ಟಿ ನೋಡಿಕೊಂಡರು. ಮಾರನೇ ದಿನವೇ ಪೈಪು ಸೋರಿತು.

ಪೈಪಣ್ಣನನ್ನು ಕರೆಯಲಾ ಅಂತ ಸೊಸೆ ಕೇಳಿದಳು. ದೊಡ್ಡಮ್ಮ ಬೇಡವೇ ಬೇಡ ಅಂದರು. ಹನ್ನೆರಡು ವರ್ಷದಲ್ಲಿ ಅವನು ಒಂದು ಚಮಚ ಎತ್ತಿಲ್ಲವಲ್ಲ ಅಂತ ಸೊಸೆ ನೆನಪಿಸಿದಳು.

"ಅದೇ ನನಗೆ ಅನುಮಾನ," ಅಂದರು ದೊಡ್ಡಮ್ಮ. "ನಮ್ಮನ್ನ ನಂಬಿಸ್ತಾ ಇದಾನೆ. ಅವರ ಪೈಕಿಯವರೆಲ್ಲ ಹಾಗೇ."

ಪಕ್ಕದಲ್ಲೇ ಊಟ ಮಾಡುತ್ತಿದ್ದ ಮೊಮ್ಮಗಳು ತಟ್ಟೆಯಿಂದ ತಲೆ ಎತ್ತಿ ಅಜ್ಜಿಯನ್ನು ನೋಡಿದಳು.

ಆರನೇ ದಿನ ದೊಡ್ಡಮ್ಮ ಆಚೆ ಬೀದಿಯಿಂದ ಬೇರೊಬ್ಬನನ್ನು ಕರೆಸಿದರು. ಬೆಳ್ಳಗೆ, ಎತ್ತರಕ್ಕೆ, ತಲೆ ಬಾಚಿಕೊಂಡು ಥೇಟ್ ಸಿನಿಮಾ ಹೀರೋನ ತಮ್ಮನಂತಿದ್ದ. ಅವನು ಚೀಲ ಬಿಚ್ಚುವ ಮೊದಲೇ ಟೀ ಬಂತು. ಟೀ ಕುಡಿದು ಪಾನಾ ಹಿಡಿದು ತಿರುಗಿಸಿದ. ಪೈಪು ಬುಡಸಮೇತ ಕಿತ್ತು ಕೈಗೆ ಬಂತು, ನೀರು ಚಿಮ್ಮಿ ಚಾವಣಿಗೆ ಹೊಡೆಯಿತು. ವಾಷರ್ ತರುತ್ತೇನೆ ಅಂತ ಹೋದವನು ಇವತ್ತಿನವರೆಗೂ ತರುತ್ತಲೇ ಇದ್ದಾನೆ.

ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಪಕ್ಕದ ಮನೆಯ ನರ್ಸು ಗದ್ದಲ ಕೇಳಿ ಎದ್ದುಬಂದಳು. ನೀರು ಬರುವ ದೊಡ್ಡ ವಾಲ್ವ್ ಮುಚ್ಚಿ, ತಾನೂ ಒಂದು ಬಟ್ಟೆ ಹಿಡಿದು ನೆಲ ಒರೆಸಲು ಕೂತಳು. ಒರೆಸುತ್ತ ಒರೆಸುತ್ತ ದೊಡ್ಡಮ್ಮ ಎಲ್ಲ ಹೇಳಿಕೊಂಡರು. ಇನ್ನು ಮೇಲೆ ಬೆಳ್ಳಗಿರುವವರನ್ನೂ ನಂಬುವ ಹಾಗಿಲ್ಲ ಅಂದರು.

"ಬಣ್ಣ ಏನು ಮಾಡ್ತು ದೊಡ್ಡಮ್ಮ? ಅವನಿಗೆ ಕೆಲಸ ಬರಲ್ಲ, ಅಷ್ಟೇ," ಅಂದಳು ನರ್ಸು.

ಆಮೇಲೆ ಆ ಸಿನಿಮಾದಲ್ಲಿ ಪೈಪಣ್ಣನಂಥವರು ಎಷ್ಟು ಜನ ಇದ್ದರು, ಏನೇನು ಮಾಡಿದರು ಅಂತ ಕೇಳಿದಳು. ದೊಡ್ಡಮ್ಮ ಯೋಚಿಸಿದರು. ಕಳ್ಳ ಒಬ್ಬ. ಅವನ ಹಿಂದೆ ಇಬ್ಬರು ಚೇಲಾಗಳು. ಅವರಲ್ಲದೆ ಒಬ್ಬ ಕುಡುಕ. ಇನ್ನೊಬ್ಬ ಅಡುಗೆಯವನು, ಜಾರಿ ಬಿದ್ದು ಎಲ್ಲರನ್ನೂ ನಗಿಸುವವನು. ಅವರಲ್ಲಿ ಯಾರಾದರೂ ಮಗಳಿಗೆ ಜಡೆ ಹಾಕಿದ್ದು, ಕಾಯಿಲೆ ತಾಯಿಗೆ ಗಂಜಿ ಕುಡಿಸಿದ್ದು ತೋರಿಸಿದರಾ ಅಂತ ಕೇಳಿದ್ದಕ್ಕೆ, ಇಲ್ಲ ಅಂದರು.

"ಕಥೆ ಕಟ್ಟಿದವರಿಗೆ ಬೇಗ ಹೆದರಿಸೋ ಮುಖ ಬೇಕಿತ್ತು, ಇದನ್ನ ಹಿಡಿದ್ರು. ಆ ಕಳ್ಳ ನಿಮಗೆ ಎರಡೂವರೆ ಗಂಟೆ ಪರಿಚಯ. ಪೈಪಣ್ಣ ಹನ್ನೆರಡು ವರ್ಷ. ನೀವು ಯಾರನ್ನ ನಂಬಿದ್ರಿ?"

ದೊಡ್ಡಮ್ಮ ಅಷ್ಟಕ್ಕೆಲ್ಲ ಸೋಲುವವರಲ್ಲ. ಅಷ್ಟು ಖರ್ಚು ಮಾಡಿ ಸಿನಿಮಾ ತೆಗೆದವರು ಸುಮ್ಮಸುಮ್ಮನೆ ತೋರಿಸುತ್ತಾರಾ ಅಂತ ವಾದಕ್ಕೇ ಕೂತರು. ಅಷ್ಟರಲ್ಲಿ ಮೊಮ್ಮಗಳು ಶಾಲೆಯಿಂದ ಬಂದಳು. ಪೈಪಣ್ಣನ ಮಗಳು ಇವತ್ತು ಶಾಲೆಯಲ್ಲಿ ಆಟಕ್ಕೇ ಬರಲಿಲ್ಲ ಅಂತ ದೂರಿದಳು. ಕೆದಕಿ ಕೇಳಿದಾಗ ವಿಷಯ ಹೊರಬಿತ್ತು. ಮಕ್ಕಳು ವಾರವಿಡೀ ಅದೇ ಸಿನಿಮಾ ಆಟ ಆಡಿದ್ದಾರೆ. ದಿನಾ ಆ ಹುಡುಗಿಯೇ ಕಳ್ಳಿ. ಒಂದು ದಿನ ತಾನು ಡಾಕ್ಟರ್ ಆಗುತ್ತೇನೆ ಅಂದಿದ್ದಕ್ಕೆ ಎಲ್ಲರೂ ನಕ್ಕಿದ್ದಾರೆ.

"ಅವಳೇ ಕಳ್ಳಿ ಆಗಬೇಕು ಅಂತ ಹೇಳಿದ್ದು ಯಾರೇ?" ಕೇಳಿದರು ದೊಡ್ಡಮ್ಮ.

"ನಾನೇ. ಅವರೆಲ್ಲ ಹಾಗೇ ಅಂತ ನೀನೇ ಹೇಳಿದ್ದಲ್ವಾ ಅಜ್ಜಿ?"

ದೊಡ್ಡಮ್ಮನ ಕೈಯಲ್ಲಿದ್ದ ಬಟ್ಟೆ ಅಲ್ಲೇ ಬಿತ್ತು. ದೊಡ್ಡಮ್ಮ ಒದ್ದೆ ಸೀರೆಯಲ್ಲೇ ಮೊಮ್ಮಗಳ ಕೈ ಹಿಡಿದು ಮೂರು ಮಹಡಿ ಇಳಿದರು.

ಪೈಪಣ್ಣನ ಮುಂದೆ ಅವರು ಪೈಪಿನ ಮಾತೇ ಎತ್ತಲಿಲ್ಲ. ಸಿನಿಮಾ ನೋಡಿ ಅವನ ಮೇಲೆ ಅನುಮಾನಪಟ್ಟಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದರು. ಪೈಪಣ್ಣ ಗಲ್ಲ ಕೆರೆದುಕೊಂಡ.

"ನಾನೂ ನೋಡಿದೆ ದೊಡ್ಡಮ್ಮ. ಸೋಮವಾರ ಬಸ್ಸಲ್ಲಿ ನನ್ನಂಥದೇ ಕೂದಲಿನವನೊಬ್ಬ ಪಕ್ಕ ಕೂತ. ನಾನು ಚೀಲ ಎತ್ತಿ ತೊಡೆ ಮೇಲಿಟ್ಕೊಂಡೆ. ತಿರುಗಿ ನೋಡಿದ್ರೆ ಅವನೂ ಚೀಲ ತಬ್ಬಿಕೊಂಡು ನನ್ನೇ ನೋಡ್ತಿದ್ದ."

ದೊಡ್ಡಮ್ಮನಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ನಕ್ಕು ಮುಗಿದ ಮೇಲೆ ದನಿ ತಗ್ಗಿಸಿ ಹೇಳಿದ, "ಆದ್ರೆ ಮಗಳು ನಿನ್ನೆ ಕೇಳಿದಳು, ಅಪ್ಪಾ ನಾವು ಕಳ್ಳರಾ ಅಂತ. ಅದಕ್ಕೆ ನಗೋಕಾಗಲಿಲ್ಲ."

ಬಾಗಿಲ ಹಿಂದೆ ನಿಂತಿದ್ದ ಹುಡುಗಿಯನ್ನು ದೊಡ್ಡಮ್ಮ ಹತ್ತಿರ ಕರೆದರು. ಆ ಮಾತು ಹೊರಟದ್ದು ತಮ್ಮ ಬಾಯಿಂದ, ತಪ್ಪು ತಮ್ಮದು ಅಂತ ಅವಳಿಗೇ ಹೇಳಿದರು. ಮೊಮ್ಮಗಳು ನಾಳೆಯಿಂದ ನೀನೇ ಡಾಕ್ಟರ್ ಅಂದಳು. ಹುಡುಗಿ ಸ್ವಲ್ಪ ಯೋಚಿಸಿ, ಡಾಕ್ಟರ್ ಬೇಡ, ಇನ್ನು ಮೇಲೆ ಕಥೆಯನ್ನೇ ನಾನು ಹೇಳ್ತೀನಿ ಅಂದಳು.

ದೊಡ್ಡಮ್ಮನ ಒದ್ದೆ ಸೀರೆ ನೋಡಿ ಪೈಪಣ್ಣ ತಾನೇ ಚೀಲ ಎತ್ತಿಕೊಂಡು ಮೇಲೆ ಬಂದ. ಪೈಪು ಅರ್ಧ ಗಂಟೆಯಲ್ಲಿ ಸರಿಯಾಯಿತು.

ಅಕ್ಕಂದಿರೇ, ಅಣ್ಣಂದಿರೇ, ಸಿನಿಮಾ ನೋಡಿ. ಅಳಿ, ನಗಿ. ಮುಗಿದ ಮೇಲೆ ಮಕ್ಕಳನ್ನು ಪಕ್ಕ ಕೂರಿಸಿಕೊಂಡು ಒಂದಿಷ್ಟು ಮಾತಾಡಿ. ಕಳ್ಳನಿಗೆ ಯಾರ ಮುಖ ಕೊಟ್ಟಿದ್ದರು? ಯಾರನ್ನು ಬೀಳಿಸಿ ನಮ್ಮನ್ನು ನಗಿಸಿದರು? ಅಂಥ ಮುಖದವರು ನಿಮ್ಮ ಬೀದಿಯಲ್ಲಿದ್ದರೆ ಹೋಗಿ ಮಾತಾಡಿಸಿ, ಅವರ ಮನೆ ನೋಡಿ, ನಿಮ್ಮ ಮನೆಗೆ ಕರೆಯಿರಿ. ನಾವು ಊಟದ ಹೊತ್ತಿಗೆ ಸುಮ್ಮನೆ ಆಡಿದ ಮಾತನ್ನು ನಮ್ಮ ಮಕ್ಕಳು ಶಾಲೆಗೆ ಒಯ್ಯುತ್ತಾರೆ. ಅಲ್ಲಿ ಅದನ್ನು ಹೊರಬೇಕಾದದ್ದು ಇನ್ನೊಬ್ಬರ ಮಗು.