ಬೆನ್ನಿಲ್ಲದ ಕೋಟು

ಎದುರಿನಿಂದ ನೋಡಿದರೆ ನಾನು ಒಂದು ಕೋಟು. ಹಿಂದಿನಿಂದ ಮಾತ್ರ ನೋಡಬೇಡಿ.

ಹುಟ್ಟಿದ್ದು ಧಾರವಾಡದ ಒಬ್ಬ ದರ್ಜಿಯ ಮೇಜಿನ ಮೇಲೆ, ಗಾಢ ನೀಲಿ ಬಟ್ಟೆಯಲ್ಲಿ, ಯಾರೋ ಮದುಮಗನ ಅಳತೆಗೆ. ಆಗ ನನಗೂ ಎಲ್ಲರಂತೆ ಬೆನ್ನಿತ್ತು. ಮದುಮಗ ಎರಡು ಸಲ ಬಂದು ಹಾಕಿ ನೋಡಿದ. ಎರಡನೆಯ ಸಲ ಅವನ ಎದೆ ನನ್ನೊಳಗೆ ವಿಪರೀತ ಹೊಡೆದುಕೊಳ್ಳುತ್ತಿತ್ತು. ಆಗಲೇ ನನಗೆ ಅನುಮಾನ ಬಂತು. ಮದುವೆ ಮುರಿದುಕೊಂಡು ಓಡಿದನಂತೆ, ಆಸಾಮಿ ಮತ್ತೆ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಅಲ್ಲಿಂದೀಚೆಗೆ ಯಾರು ನನ್ನ ತೋಳೊಳಗೆ ಕೈ ತೂರಿಸಿದರೂ ಮೊದಲು ಅನುಮಾನಿಸುತ್ತೇನೆ. ನಂಬುವುದು ಆಮೇಲಿನ ಮಾತು.

ದರ್ಜಿ ನನ್ನನ್ನು ಪಕ್ಕದ ಫೋಟೋ ಸ್ಟುಡಿಯೋದ ಶಾಂತಿನಾಥ ಉಪಾಧ್ಯೆಗೆ ದಾಟಿಸಿದ. ಊರವರ ಬಾಯಲ್ಲಿ ಆತ ಶಾಂತಣ್ಣ. ಶಾಂತಿಯೆಲ್ಲ ಹೆಸರಿನಲ್ಲೇ ಮುಗಿದಿತ್ತು. ಮಾತು ಮೂರು ಅಂಗಡಿಯಾಚೆಗೂ ಕೇಳುತ್ತಿತ್ತು. "ಇವತ್ತಿಂದ ನಾನೂ ಕೋಟ್ಯಧೀಶ ಆದೆ ನೋಡ್ರೀ!" ಎಂದು ನನ್ನನ್ನು ಎತ್ತಿ ತೋರಿಸಿ ನಕ್ಕ. ನಗುತ್ತಲೇ ಕತ್ತರಿ ತೆಗೆದ. ಲೋಕದಲ್ಲಿ ಬೆನ್ನಿಗೆ ಚೂರಿ ಹಾಕುತ್ತಾರೆಂದು ಕೇಳಿದ್ದೆ. ಈತ ಕತ್ತರಿಯನ್ನೇ ಹಾಕಿದ. ಕಾಲರಿನ ಕೆಳಗಿನ ಬಟ್ಟೆಯನ್ನೆಲ್ಲ ತೆಗೆದುಹಾಕಿ, ಆ ಜಾಗದಲ್ಲಿ ಎರಡು ಲಾಡಿ ಹೊಲಿಸಿದ. ತೆಳ್ಳಗಿನವರು ಬಂದರೆ ಲಾಡಿ ಬಿಗಿಯುವುದು, ಡೊಳ್ಳು ಹೊಟ್ಟೆಯವರು ಬಂದರೆ ಸಡಿಲ ಬಿಡುವುದು. ಫೋಟೋದಲ್ಲಿ ಬೆನ್ನು ಯಾರಿಗೆ ಕಾಣಬೇಕು?

ಹೀಗೆ ಊರಿಗೆಲ್ಲ ನಾನೊಬ್ಬನೇ ಕೋಟಾದೆ. ಬ್ಯಾಂಕ್ ಪರೀಕ್ಷೆಯವರು, ವಧು ಹುಡುಕುವವರು, ಚುನಾವಣೆಗೆ ನಿಂತವರು ಎಲ್ಲರೂ ನನ್ನೊಳಗೆ ಬಂದುಹೋದರು. ಕೊಂಚ ಹೊತ್ತಿಗೆ ಮುಂಚೆ "ಚಾ ತರ್ಸೋ ಶಾಂತ್ಯಾ" ಎಂದವನೇ, ಗುಂಡಿ ಹಾಕಿದ ಮೇಲೆ ಗಂಟಲು ಸರಿಪಡಿಸಿಕೊಂಡು "ನಾವು ರೆಡಿ" ಎನ್ನುತ್ತಿದ್ದ. ಬೆನ್ನಿಲ್ಲದ ನನ್ನಿಂದ ಇಷ್ಟು ಬಿಗುಮಾನ ಎಲ್ಲಿಂದ ಬರುತ್ತಿತ್ತೋ! ನನಗಂತೂ ಗುಮಾನಿ.

ಆಮೇಲೆ ನಮ್ಮ ಮಹಡಿಯ ಮೇಲೆ ಒಂದು ಬೋರ್ಡು ಬಂತು: 'ಜರ್ಮನಿಯಲ್ಲಿ ಓದಿ!' ಅದರ ಹಿಂದೆಯೇ ವಿಶ್ವಜಿತ್ ಸರ್ ಬಂದರು. ವಿದೇಶಕ್ಕೆ ಅರ್ಜಿ ಹಾಕುವ ಹುಡುಗರಿಗೆ ದಾರಿ ತೋರಿಸುವುದು ಅವರ ಕಸುಬು. ಯುರೋಪೆಲ್ಲ ಅರೆದು ಕುಡಿದವರಂತೆ ಮಾತಾಡುತ್ತಿದ್ದರು. ಆದರೆ ತಮ್ಮ ಜಾಹೀರಾತಿನ ಫೋಟೋಗೆ ನನ್ನನ್ನು ಹಾಕಿಕೊಂಡವರು ನನ್ನ ಜೇಬಿನಲ್ಲಿ ಬಿಟ್ಟುಹೋದದ್ದು ಬೆಳಗಾವಿ ಬಸ್ಸಿನ ಟಿಕೆಟ್ಟು.

ಅವರ ಶಿಷ್ಯರೆಲ್ಲ ಅರ್ಜಿಯ ಫೋಟೋಗೆ ನನ್ನ ಬಳಿಗೇ ಬರುತ್ತಿದ್ದರು. ಕಾಯುತ್ತ ಕೂತಾಗ, ತಮಗೆ ಆ ಕೋರ್ಸೇ ಯಾಕೆ ಬೇಕೆಂದು ಬರೆದ ಪತ್ರವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು. ಎಲ್ಲರದೂ ಒಂದೇ ರಾಗ: 'ಚಿಕ್ಕಂದಿನಿಂದಲೂ ನನಗೆ ಯಂತ್ರಗಳೆಂದರೆ ಪಂಚಪ್ರಾಣ.' ಇಷ್ಟೊಂದು ಪ್ರಾಣಗಳು ಒಂದೇ ಅಚ್ಚಿನಲ್ಲಿ ಬಂದರೆ ಅನುಮಾನ ಬಾರದೆ ಇರುತ್ತದೆಯೆ? ನಾನು ಬಟ್ಟೆಯ ಕೋಟು, ಅದು ಮಾತಿನ ಕೋಟು. ಎರಡೂ ಮುಂದೆ ಮಾತ್ರ.

ಆ ಶಿಷ್ಯರಲ್ಲೊಬ್ಬ ಮೌನೇಶ ಬಡಿಗೇರ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದವನು. ಮಾತಿನಲ್ಲಿ ಮಹಾ ಸಂಕೋಚದ ಮನುಷ್ಯ. ಕಳಿಸಿದ ಅರ್ಜಿಗಳೆಲ್ಲ ತಿರಸ್ಕೃತವಾಗಿ, ಒಂದೇ ಒಂದು ವಿಶ್ವವಿದ್ಯಾಲಯ ಸಂದರ್ಶನಕ್ಕೆ ಕರೆದಿತ್ತು. ಸೌರಶಕ್ತಿಯ ಕೋರ್ಸು. ಇದೂ ತಪ್ಪಿದರೆ ಆ ವರ್ಷ ಬೇರೆ ದಾರಿಯಿರಲಿಲ್ಲ. ಸಂದರ್ಶನ ಕಂಪ್ಯೂಟರಿನಲ್ಲಿ, ಮಹಡಿಯ ಕ್ಲಾಸಿನಲ್ಲಿ. ಅಭ್ಯಾಸಕ್ಕೇ ನನ್ನನ್ನು ಮೇಲಕ್ಕೆ ಒಯ್ದರು.

"ಸರ, ನನ್ನ ಪ್ರಾಜೆಕ್ಟ್ ಬಗ್ಗೆ ಹೇಳ್ಲೇನ್ರಿ?" ಎಂದ ಮೌನೇಶ. "ಅಪ್ಪ ಮಾಡಿದ ಬಾಗಲಾ ಮಳಿಗಾಲದಾಗ ಸೊಟ್ಟ ಆಗಿ ವಾಪಸ್ ಬರ್ತಾವ್ರಿ. ಹಲಗಿ ಸರಿ ಒಣಗಿರಂಗಿಲ್ಲ. ಅದಕ್ಕ ನಾ ಬಿಸಲಾಗ ಒಣಗ್ಸೋ ಒಂದ್ ಪೆಟಗಿ..."

"ಏ ತಮ್ಮಾ, ಜರ್ಮನ್ ಮಂದಿ ಮುಂದ ಬಡಿಗತನ ಯಾಕ ತಗೀತಿ? ವಿಷನ್ ಹೇಳು, ವಿಷನ್! ಕೊಟ್ಟಿದ್ದನ್ನ ಬಾಯಿಪಾಠ ಮಾಡು. ಈಗ ನಾನಽ ಪ್ರೊಫೆಸರ್." ಸರ್ ಮೂಗು ಬಿಗಿಹಿಡಿದು ಜರ್ಮನರಂತೆ ದನಿ ತೆಗೆದರು: "ವೈ ಯೂ ವಾಂಟ್ ಝಿಸ್ ಕೋರ್ಸ್, ಮಿಸ್ಟರ್ ಬಾಡಿಗರ್?"

ಉತ್ತರವನ್ನೂ ಅದೇ ದನಿಯಲ್ಲಿ ಹೇಳಿಕೊಟ್ಟರು. ಹುಡುಗ ಪ್ರಾಮಾಣಿಕ, ಉತ್ತರದ ಜೊತೆ ಮೂಗನ್ನೂ ಕಲಿತ.

ಸಂದರ್ಶನದ ಮಧ್ಯಾಹ್ನ ಪರದೆಯ ಮೇಲೆ ಇಬ್ಬರು ಮೂಡಿದರು: ಕೂದಲು ನರೆತ ಪ್ರೊಫೆಸರ್ ಲಿಂಡ್ನರ್ ಎಂಬ ಹೆಂಗಸು, ಪಕ್ಕದಲ್ಲಿ ದಪ್ಪ ಕನ್ನಡಕದ ಒಬ್ಬ ಗಂಡಸು. ಮಾತೆಲ್ಲ ಇಂಗ್ಲಿಷಿನಲ್ಲಿ, ನನಗೆ ತಿಳಿದಷ್ಟನ್ನು ಕನ್ನಡದಲ್ಲಿ ಹೇಳುತ್ತೇನೆ. ಈ ಕೋರ್ಸು ಯಾಕೆ ಎಂದು ಆಕೆ ತಿಳಿಯಾದ ಇಂಗ್ಲಿಷಿನಲ್ಲಿ ಕೇಳಿದರು. ಮೌನೇಶ ಮೂಗು ಬಿಗಿಹಿಡಿದು, "ಝಿ ಸೋಲಾರ್ ಈಝ್ ಮೈ ಪ್ಯಾಶನ್ ಫ್ರಮ್ ಝಿ ಚೈಲ್ಡ್‌ಹುಡ್" ಎಂದ. ಜರ್ಮನರ ಮುಂದೆ ಬೆಳಗಾವಿಯ ಜರ್ಮನ್! ಕನ್ನಡಕದವರು ತಮ್ಮನ್ನು ಅಣಕಿಸುತ್ತಿದ್ದಾನೋ ಎಂಬಂತೆ ಮುಂದಕ್ಕೆ ಬಾಗಿದರು. ಮುಂದಿನ ಪ್ರಶ್ನೆಗೂ ಅದೇ ಮೂಗು. ಲಿಂಡ್ನರ್ ಕಣ್ಣು ಕಿರಿದು ಮಾಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ನಾನೂ ಹಾಗೇ ನೋಡುವವನು.

"ನಿಮ್ಮ ಅರ್ಜಿಯಲ್ಲಿ ಮರ ಒಣಗಿಸುವ ಪೆಟ್ಟಿಗೆಯೊಂದಿದೆ. ಬಿಸಿಗಾಳಿ ಅದರೊಳಗೆ ಹೇಗೆ ಸುತ್ತುತ್ತದೆ? ನಿಮ್ಮ ಹಿಂದಿನ ಬೋರ್ಡಿನ ಮೇಲೆ ಬರೆದು ತೋರಿಸಿ."

ತಿರುಗಬೇಡಪ್ಪಾ ಎಂದು ಲಾಡಿ ಹರಿಯುವಂತೆ ಕೂಗಿಕೊಂಡೆ. ಕೋಟಿನ ಕೂಗು ಯಾರಿಗೆ ಕೇಳಬೇಕು? ಮೌನೇಶನಿಗೂ ಗೊತ್ತಿತ್ತು. ಮುಖವನ್ನು ಕ್ಯಾಮೆರಾದ ಕಡೆಗೇ ಇಟ್ಟುಕೊಂಡು, ಏಡಿಯಂತೆ ಅಡ್ಡಡ್ಡ ಸರಿದು, ಕೈಯನ್ನು ಹಿಂದೆ ಚಾಚಿ ಏನೋ ಗೀಚಿದ.

"ನಿಮ್ಮ ಹಿಂದೆ ಏನನ್ನೋ ಮುಚ್ಚಿಡುತ್ತಿದ್ದೀರಿ," ಎಂದರು ಲಿಂಡ್ನರ್. "ದಯವಿಟ್ಟು ತಿರುಗಿ."

ತಿರುಗಿದ. ಬೆವರಿನಲ್ಲಿ ತೊಯ್ದ ಅಂಗಿ, ಅದರ ಮೇಲೆ ಗಂಟು ಹಾಕಿದ ಎರಡು ಲಾಡಿ. ನನ್ನ ಮಾನ ಸಮುದ್ರ ದಾಟಿ ಹೋಯಿತು. ಲ್ಯಾಪ್‌ಟಾಪಿನ ಮರೆಯಲ್ಲಿ ನಿಂತಿದ್ದ ವಿಶ್ವಜಿತ್ ಸರ್ ತಲೆಯ ಮೇಲೆ ಕೈ ಹೊತ್ತರು.

"ಇದೇನು?" ಆಕೆ ಕೇಳಿದರು.

ಇದು ಬಾಯಿಪಾಠದ ಹೊರಗಿನ ಪ್ರಶ್ನೆ. ಮೌನೇಶನ ಮೂಗು ಸಡಿಲವಾಯಿತು. "ಫೋಟೋ ಸ್ಟುಡಿಯೋ ಕೋಟು, ಮೇಡಂ. ಎಲ್ಲರಿಗೂ ಹಿಡಿಸಲಿ ಅಂತ ಬೆನ್ನು ತೆಗೆದಿದ್ದಾರೆ. ಕ್ಯಾಮೆರಾಗೆ ಮುಂದಿನದು ಸಾಕು."

"ಇಷ್ಟು ಹೊತ್ತು ಹೇಳಿದ ಉತ್ತರಗಳು?"

ವಿಶ್ವಜಿತ್ ಸರ್ ಬೇಡ ಬೇಡವೆಂದು ಕೈಯಾಡಿಸಿದರು. ನನ್ನೊಳಗೆ ಅವನ ಎದೆ ಆ ಮದುಮಗನದರಂತೆಯೇ ಹೊಡೆದುಕೊಂಡಿತು. ಇವನೂ ಓಡುತ್ತಾನೆ ಎಂದುಕೊಂಡೆ.

"ಅವೂ ಸ್ಟುಡಿಯೋದವೇ, ಮೇಡಂ. ಪೆಟ್ಟಿಗೆ ಮಾತ್ರ ನನ್ನದು."

"ಹಾಗಾದರೆ ಪೆಟ್ಟಿಗೆಯನ್ನೇ ತೋರಿಸಿ."

ಓಡಲಿಲ್ಲ. ಬೋರ್ಡಿಗೆ ಮುಖ ಮಾಡಿ, ಅವರಿಗೆ ಬೆನ್ನು ಕೊಟ್ಟು, ಮುರುಕು ಇಂಗ್ಲಿಷಿನಲ್ಲಿ ಬಿಸಿಗಾಳಿಯನ್ನು ಹಲಗೆಗಳ ನಡುವೆ ಓಡಾಡಿಸಿದ. ತಾನು ಮಾಡಿದ ಮೊದಲ ಪೆಟ್ಟಿಗೆಯಲ್ಲಿ ಅಪ್ಪನ ತೇಗದ ಹಲಗೆಯೇ ಸೀಳಿದ್ದನ್ನೂ ಬಿಡದೆ ಹೇಳಿದ. ಕನ್ನಡಕದವರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಕಾಲರಿನವರೆಗೂ ಬೆವರು ಹತ್ತಿದ್ದರೂ ಅವನು ನನ್ನನ್ನು ಮರೆತೇಬಿಟ್ಟಿದ್ದ.

ಕೆಲವು ವಾರ ಕಳೆದು ಅವನು ಸ್ಟುಡಿಯೋಗೆ ಬಂದ, ವೀಸಾ ಫೋಟೋಗೆ. ಸೀಟು ಸಿಕ್ಕಿತ್ತು! ಶಾಂತಣ್ಣ ನನ್ನತ್ತ ಕೈ ಚಾಚಿದ.

"ಕೋಟು ಬ್ಯಾಡ್ರಿ ಅಣ್ಣಾರ, ಅಂಗಿ ಸಾಕು," ಎಂದ ಮೌನೇಶ. ನನಗೆ ಚುರುಕ್ಕೆಂದಿತು. "ಆದ್ರ ಅದನ್ನ ಒಂದಿನ ಮನಿಗೆ ಒಯ್ತೀನ್ರಿ."

"ಯಾಕಲೇ? ಜರ್ಮನಿಗೆ ಹೊತ್ಕೊಂಡ್ ಹೋಗೋ ವಿಚಾರ ಏನ? ಗಾಡಿ ಕೀಲಿ ಇಲ್ಲಿಟ್ಟು ಹೋಗು!"

ಕೀಲಿ ಇಟ್ಟು ಒಯ್ದ. ಮನೆಯಲ್ಲಿ ಅವನ ಅವ್ವ ಹೊಲಿಗೆಯಂತ್ರದ ಮುಂದೆ ಕೂತು, ಲಾಡಿ ಬಿಚ್ಚಿ, ಕಪ್ಪು ಬಟ್ಟೆಯಲ್ಲಿ ನನಗೆ ಬೆನ್ನು ಹೊಲಿದಳು. ಮುಂದೆ ನೀಲಿ, ಹಿಂದೆ ಕಪ್ಪು.

ಮರುದಿನ ಶಾಂತಣ್ಣನ ಬೊಬ್ಬೆ ಐದನೆಯ ಅಂಗಡಿಗೂ ಕೇಳಿತು. "ಏ ಪುಣ್ಯಾತ್ಮಾ, ಇನ್ನ ಇದು ಯಾರಿಗ್ ಬರ್ತೈತೋ! ನನ್ನಂಥ ಕಡ್ಡಿಗಷ್ಟ ಬರ್ತೈತಿ!"

"ಇರ್ಲಿ ಬಿಡ್ರಿ ಅಣ್ಣಾರ. ಅದರ ಮಾನ ನನ್ನಿಂದ ಹೋತು."

ಹೀಗೆ ಬೆನ್ನು ಬಂತು, ಕೆಲಸ ಹೋಯಿತು. ಈಗ ಗಿರಾಕಿಗಳಿಗೆ ಕಂಪ್ಯೂಟರೇ ಕೋಟು ತೊಡಿಸುತ್ತದೆ. ಆ ಕೋಟಿನ ಮುಂಭಾಗವೂ ನಿಜದ್ದಲ್ಲ. ಮಹಡಿಯ ಬೋರ್ಡಿನ ಮೇಲೆ ಮೌನೇಶನ ಫೋಟೋ ಬಂದಿದೆ, 'ನಮ್ಮ ವಿದ್ಯಾರ್ಥಿ' ಎಂದು. ಅರ್ಜಿಗೆ ತೆಗೆದ ಹಳೆಯ ಫೋಟೋ. ಅದರಲ್ಲಿ ನಾನಿದ್ದೇನೆ, ಎದುರಿನಿಂದ. ಹುಡುಗ ಮಾಡಿದ್ದು ಉಪಕಾರವೋ, ಇನ್ನೊಬ್ಬರು ನನ್ನನ್ನು ಹಾಕಿಕೊಳ್ಳದಂತೆ ಹೂಡಿದ ಉಪಾಯವೋ ಎಂದು ಮೂಲೆಯ ಮೊಳೆಗೆ ಜೋತುಬಿದ್ದು ಯೋಚಿಸುತ್ತಿರುತ್ತೇನೆ.

ಚಳಿಗಾಲದ ಬೆಳಿಗ್ಗೆ ಶಾಂತಣ್ಣ ಶಟರ್ ಎತ್ತಿ ಬಂದವನು ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನನ್ನು ಹಾಕಿಕೊಳ್ಳುತ್ತಾನೆ. ಕ್ಯಾಮೆರಾ ಮುಚ್ಚಿಯೇ ಇರುತ್ತದೆ. ಅವನು ಹಾಗೇ ಕೂತು ಚಹಾ ಕುಡಿಯುತ್ತಾನೆ. ಬರೀ ಚಳಿಗೋ, ಇಲ್ಲ ಪ್ರೀತಿಗೋ, ನನಗೆ ಇನ್ನೂ ಅನುಮಾನ. ಆದರೆ ಆ ಹೊತ್ತಿಗೆ ನಮ್ಮಿಬ್ಬರ ಬೆನ್ನೂ ಬೆಚ್ಚಗಿರುತ್ತದೆ.