ಇಲ್ಲ ಎನ್ನಲು ಕಲಿತು ಬಂದವನು

"ಹಲ್ಲು ಕೀಳಿಸಿದಾಗ ಬ್ಲಡ್ ಜಾಸ್ತಿ ಹೋಗಿತ್ತಾ, ಅಂಕಲ್?"

"ಇಲ್ಲ," ಎಂದ ದೂಜ.

"ಮೂಗಿಂದ?"

"ಇಲ್ಲ."

ಇದು ಬೆಳಿಗ್ಗೆ ಅವನನ್ನು ಆಸ್ಪತ್ರೆಯ ಮಂಚದ ಮೇಲೆ ಕೂರಿಸಿ ಹೋಗುವಾಗ ಅಣ್ಣು ಹೇಳಿಕೊಟ್ಟ ಪಾಠ. ಮುಂಬಯಿಯ ಕುರ್ಲಾದ ಹೋಟೆಲಿನಲ್ಲಿ ಅಣ್ಣು ಗಲ್ಲಾದಲ್ಲಿ ಕೂರುವವನು, ದೂಜ ದೋಸೆ ಕಾವಲಿಯ ಮುಂದೆ ನಿಲ್ಲುವವನು. "ನಾಳೆ ತೊಡೆಸಂದಿಯಿಂದ ನಳಿಗೆ ತೂರಿಸಿ ಹೃದಯದ ಹತ್ರ ಕಟ್ಟಿಹೋದ ನಾಳದಲ್ಲಿ ಬಲೂನು ಊದ್ತಾರಂತೆ ಮಾರಾಯಾ. ರಕ್ತ ನೀರಾಗುವ ಇಂಜೆಕ್ಷನ್ ಬೇರೆ ಉಂಟು. ರಕ್ತ ನಿಲ್ಲದ ಜನ ಅಂತ ಗೊತ್ತಾದ್ರೆ ವಾಪಸ್ ಕಳಿಸ್ತಾರೆ. ಕೇಳಿದ್ದಕ್ಕೆಲ್ಲ ಇಲ್ಲ ಅನ್ನು. ನೀನು ಬೇಗ ಬರದಿದ್ರೆ ಧಣಿ ಕಾವಲಿಗೆ ಬೇರೆ ಜನ ಇಡ್ತಾರೆ ನೋಡು." ಅಷ್ಟು ಹೇಳಿ ಊಟದ ಗಿರಾಕಿಗಳು ಬರುವ ಹೊತ್ತಾಯಿತೆಂದು ಓಡಿದ್ದ. ಕಾವಲಿ ಹೋದರೆ ಹೋಟೆಲಿನ ಮೇಲೆ ಮಲಗುವ ಅಟ್ಟವೂ ಹೋದಂತೆ. ದೂಜನಿಗೆ ಬೇರೆ ಮನೆಯಿರಲಿಲ್ಲ. ತಂಗಿಯರ ಮದುವೆಗಳ ಗಡಿಬಿಡಿಯಲ್ಲಿ ಅವನ ಮದುವೆ ಎಲ್ಲೋ ತಪ್ಪಿಹೋಗಿತ್ತು.

ಕೇಳುತ್ತಿದ್ದವಳು ಡಾಕ್ಟರ್ ಕೌಸಲ್ಯಾ, ಇದೇ ಊರಿನ ವಡಾಲದಲ್ಲಿ ಹುಟ್ಟಿ ಬೆಳೆದ ಮೈಸೂರು ಕಡೆಯ ಹುಡುಗಿ. ಬಲೂನಿಗೆ ಮೊದಲು ಯಾರಿಗೆ ರಕ್ತ ಸೋರುವ ಭಯ ಹೆಚ್ಚೆಂದು ಅಂದಾಜು ಮಾಡುವುದು ಅವಳ ಕೆಲಸ. ಅವಳ ಕನ್ನಡ ಅಡುಗೆಮನೆ ದಾಟಿ ಹೊರಗೆ ಬಂದದ್ದೇ ಕಡಿಮೆ. ಸಿಕ್ಕ ಕನ್ನಡದ ರೋಗಿಯನ್ನು ಸುಲಭವಾಗಿ ಬಿಡಲು ಅವಳಿಗೂ ಮನಸ್ಸಿರಲಿಲ್ಲ.

"ರಾತ್ರಿ ನಿದ್ದೆ ಬರುತ್ತಾ?"

ದೂಜ ತಬ್ಬಿಬ್ಬಾದ. ಇದನ್ನು ಅಣ್ಣು ಹೇಳಿಕೊಟ್ಟಿರಲಿಲ್ಲ. ಅವನಿಗೆ ನಿದ್ದೆ ಬರುತ್ತದೆಯೋ ಇಲ್ಲವೋ ಎಂದು ಈ ಮುಂಬಯಿಯಲ್ಲಿ ಇದುವರೆಗೆ ಯಾರೂ ಕೇಳಿದ್ದಿಲ್ಲ.

"ಕಾಲು ನೋವು ಬಿಡುವುದಿಲ್ಲ, ಡಾಕ್ಟ್ರಮ್ಮ. ದಿನವಿಡೀ ನಿಲ್ಲುವುದಲ್ವಾ."

"ಅಯ್ಯೋ ಪಾಪ. ಮತ್ತೆ ಏನು ಮಾಡ್ತೀರಾ?"

ಆ 'ಅಯ್ಯೋ ಪಾಪ' ಅವನ ಕೆಲಸ ಕೆಡಿಸಿತು. ಬೀಡಾ ಅಂಗಡಿಯವನು ಕೊಡುವ ನೋವಿನ ಮಾತ್ರೆಯ ಸುದ್ದಿ ಬಂತು, ಅದನ್ನು ಬೆಳಿಗ್ಗೆ ಸಂಜೆ ನುಂಗುವ ಸುದ್ದಿ ಬಂತು. ಅಟ್ಟದ ಸೆಕೆ, ಅಮ್ಮ ಮಾಡುತ್ತಿದ್ದ ಹುರುಳಿ ಸಾರು, ಈಗ ಏನು ತಿಂದರೂ ಏಳುವ ಹೊಟ್ಟೆಯುರಿ, ಒಂದರ ಹಿಂದೊಂದು ಬಂದವು. ಅವಳು ಹೂಂಗುಡುತ್ತ ಹೋದಳು. ಕೊನೆಗೆ, ಹೆತ್ತ ತಾಯಿಗೂ ಹೇಳಲು ನಾಚುವಂಥ ಮಾತು ಬಾಯಿಗೆ ಬಂತು. ಕಕ್ಕಸಿಗೆ ಹೋದರೆ ಡಾಂಬರಿನ ಹಾಗೆ ಕಪ್ಪಗೆ ಹೋಗುತ್ತದೆ ಎಂದೂ ಹೇಳಿಬಿಟ್ಟ.

ಕೌಸಲ್ಯಾ ಬರೆಯುವುದನ್ನು ನಿಲ್ಲಿಸಿದಳು. ಅವನ ಕೆಳರೆಪ್ಪೆಯನ್ನು ಎಳೆದು ನೋಡಿದಳು.

"ಅಂಕಲ್, ಆ ಮಾತ್ರೆ ನುಂಗಿ ನುಂಗಿ ಹೊಟ್ಟೆ ಒಳಗೇ ಬ್ಲಡ್ ಹೋಗ್ತಾ ಇದೆ, ಅದೇ ಕಪ್ಪಗೆ ಬರೋದು. ನಾಳೆ ಆ ಇಂಜೆಕ್ಷನ್ ಕೊಟ್ರೆ ನಿಲ್ಲೋದೇ ಇಲ್ಲ. ಬಲೂನ್ ಈಗ ಬೇಡ. ಮೊದ್ಲು ಹೊಟ್ಟೆ ಠೀಕ್ ಆಗ್ಬೇಕು, ಟೈಮ್ ಹಿಡಿಯುತ್ತೆ. ನೀವು ಹೇಳಿದ್ದು ಒಳ್ಳೇದಾಯ್ತು."

ದೂಜನ ಕಾವಲಿ ಹೋಯಿತು, ಅಟ್ಟವೂ ಹೋಯಿತು. ಸಂಜೆ ಅಣ್ಣು ಬಂದರೆ ಯಾವ ಮುಖ ತೋರಿಸುವುದು? ಹಾಳಾದ ನಾಲಗೆ ಎಂದು ತನ್ನನ್ನೇ ಬೈದುಕೊಂಡ. ಕೌಸಲ್ಯಾ ಎದ್ದು ಪಕ್ಕದ ಮಂಚದ ಕಡೆಗೆ ಹೊರಟಳು.

"ಡಾಕ್ಟ್ರಮ್ಮಾ."

ಅವಳು ತಿರುಗಿದಳು. ಧಣಿಗೆ ಒಂದು ಮಾತು ಹೇಳಿ ಎಂದು ಬೇಡಿಕೊಳ್ಳಲು ಕರೆದಿದ್ದ. ಆದರೆ ಅವನು ಕಾಲು ಮಡಚಿಕೊಂಡು, ಚಾದರ ಸರಿಪಡಿಸಿ, ಮಂಚದ ತುದಿಯಲ್ಲಿ ಅವಳಿಗೆ ಜಾಗ ಮಾಡಿದ.

"ಇನ್ನೆಂತಾದ್ರೂ ಕೇಳ್ಲಿಕ್ಕುಂಟಾ?"